ಎರಡಕ್ಷರದ ಬೆನ್ನು ಹತ್ತಿ ಮೂವತ್ತು ವರ್ಷ

ನನ್ನ ಚಿಕ್ಕಮ್ಮನ ಮಗಳು ಮೈಸೂರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಳೆ. ಅಕ್ಕಮಹಾದೇವಿಯ ವಚನಗಳಲ್ಲಿ ‘ಒಳಗು’ ಹೇಗೆಲ್ಲಾ ಬರುತ್ತದೆ ಅನ್ನುವುದು ಅವಳ ಕಿರುಪ್ರಬಂಧದ ವಿಷಯ. ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿದಳು. “ಅಣ್ಣಾ, ನೀನು ದಿನಾ ಕಂಪ್ಯೂಟರ್ ಮುಂದೇನೇ ಕೂತಿರ್ತೀಯ. ಅಕ್ಕನ ವಚನಗಳಲ್ಲಿ ‘ಒಳಗೆ’ ಎಲ್ಲೆಲ್ಲಿ ಬರುತ್ತೆ ಅಂತ ಹುಡುಕಿ ಕೊಡು. ಹತ್ತು ನಿಮಿಷದ ಕೆಲಸ ಅಲ್ವಾ?”

ನಾನೂ ಹತ್ತು ನಿಮಿಷ ಅಂತಲೇ ಅಂದುಕೊಂಡೆ. ಅದೇನಾಯಿತು ಅನ್ನುವುದು ಕೊನೆಗಿರಲಿ. ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಕೇಳಿಕೊಂಡ ಒಬ್ಬ ಪಾದ್ರಿ ಇದ್ದರು. ಅವರಿಗೆ ಮೂವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಕಂಪ್ಯೂಟರನ್ನೂ ಸಾಹಿತ್ಯವನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ ಕತೆ ಹೇಳುವವರು ಸಾಮಾನ್ಯವಾಗಿ ಅವರಿಂದಲೇ ಶುರು ಮಾಡುತ್ತಾರೆ. ಹೆಸರು ರೊಬೆರ್ತೊ ಬೂಸಾ. ಇಟಲಿಯ ವಿಚೆಂಜಾದಲ್ಲಿ 1913ರಲ್ಲಿ ಹುಟ್ಟಿದವರು, ಜೆಸ್ವಿಟ್ ಪಾದ್ರಿ.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಬೂಸಾ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದರು. ಹದಿಮೂರನೇ ಶತಮಾನದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವೈನಾಸ್ ಅವರ ಬರಹಗಳಲ್ಲಿ ‘ಇರುವಿಕೆ’ಯ ಕಲ್ಪನೆ ಹೇಗಿದೆ ಅಂತ ನೋಡುವುದು ಉದ್ದೇಶ. ದೇವರು ಜಗತ್ತಿನಲ್ಲಿ ಇದ್ದಾನೆ, ಜೀವ ದೇಹದಲ್ಲಿ ಇದೆ ಅನ್ನುತ್ತೇವಲ್ಲ, ಆ ಇರುವುದು ಅಂದರೆ ಏನು? ಎಲ್ಲರೂ ಮಾಡುವ ಹಾಗೆ ಬೂಸಾ ಕೂಡ ಮೊದಲು ಪುಸ್ತಕದ ಕೊನೆಯ ಪದಸೂಚಿ ತೆಗೆದರು. ‘ಪ್ರೇಸೆನ್ಸ್’, ‘ಪ್ರೇಸೆನ್ಶಿಯಾ’ ಅನ್ನುವ ದೊಡ್ಡ ಪದಗಳನ್ನು ಹುಡುಕಿದರು. ಸಿಕ್ಕವು. ಆದರೆ ವಿಷಯ ಅಲ್ಲಿರಲಿಲ್ಲ. ಅಕ್ವೈನಾಸ್ ಈ ಸಂಗತಿಯನ್ನು ಹೇಳುವಾಗ ನೆಚ್ಚಿಕೊಂಡಿದ್ದದ್ದು ಒಂದು ಪುಟ್ಟ ಪದವನ್ನು: ‘ಇನ್’.

ಲ್ಯಾಟಿನ್‌ನಲ್ಲಿ ‘ಇನ್’ ಬಿಡಿ ಪದ. ‘ಇನ್ ಕೋರ್ದೆ’ ಅಂದರೆ ಹೃದಯದಲ್ಲಿ. ನಮ್ಮ ಸಪ್ತಮಿ ವಿಭಕ್ತಿ ಮಾಡುವ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ. ಇಂಥ ಪದಗಳನ್ನು ಯಾವ ಪದಸೂಚಿಯೂ ಹಾಕುವುದಿಲ್ಲ. ‘ಮತ್ತು’, ‘ಆದರೆ’, ‘ಅಲ್ಲಿ’ ಎಲ್ಲಾ ಪುಟದಲ್ಲೂ ಇರುತ್ತವೆ, ಅವನ್ನು ಯಾರು ಎಣಿಸುತ್ತಾರೆ? ಬೂಸಾ ಎಣಿಸಿದರು. ಅಕ್ವೈನಾಸ್‌ನ ಕೃತಿಗಳನ್ನು ಓದುತ್ತಾ ‘ಇನ್’ ಅಥವಾ ಅದಕ್ಕೆ ಅಂಟಿಕೊಂಡ ಪದ ಬಂದ ವಾಕ್ಯಗಳನ್ನೆಲ್ಲ ಕೈಯಲ್ಲೇ ಕಾರ್ಡುಗಳ ಮೇಲೆ ಬರೆದರು. ಒಟ್ಟು 10,000 ಕಾರ್ಡು. ಆಮೇಲೆ ಅವನ್ನು ಮೇಜಿನ ಮೇಲೆ ಹರಡಿ, ಒಬ್ಬರೇ ಇಸ್ಪೀಟ್ ಆಡುವವರ ಹಾಗೆ ಜೋಡಿಸುವುದು, ಕಲಸುವುದು, ಮತ್ತೆ ಜೋಡಿಸುವುದು.

ಪ್ರಬಂಧ 1946ರಲ್ಲಿ ಮುಗಿಯಿತು. ಬೇರೆ ಯಾರಾದರೂ ಆಗಿದ್ದರೆ ಕಾರ್ಡುಗಳನ್ನು ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದರು. ಬೂಸಾಗೆ ಮಾತ್ರ ಒಂದು ಹುಳ ಹೊಕ್ಕಿತು. ಒಬ್ಬ ಲೇಖಕನನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅವನ ಒಂದೊಂದು ಪದವೂ, ಈ ಸಣ್ಣಪುಟ್ಟವೂ ಸೇರಿ, ಪಟ್ಟಿಯಾಗಬೇಕು. ಅಕ್ವೈನಾಸ್ ಮತ್ತು ಅವರ ಸುತ್ತಮುತ್ತಲಿನ ಬರಹ ಸೇರಿದರೆ ಒಂದು ಕೋಟಿಗೂ ಹೆಚ್ಚು ಪದ. ಒಂದೇ ಪದಕ್ಕೆ 10,000 ಕಾರ್ಡು ಬರೆದವರಿಗೆ ಇದು ಕೈಯಲ್ಲಿ ಆಗುವ ಕೆಲಸವಲ್ಲ ಅಂತ ಗೊತ್ತಾಗಲು ಲೆಕ್ಕ ಹಾಕಬೇಕಾಗಿರಲಿಲ್ಲ.

ವಾಟ್ಸನ್ ಆಫೀಸಿನಲ್ಲಿ

1949ರಲ್ಲಿ ಬೂಸಾ ಅಮೆರಿಕಕ್ಕೆ ಹೋದರು. ಒಂದರ ಹಿಂದೊಂದು ವಿಶ್ವವಿದ್ಯಾಲಯ ಸುತ್ತಿ, ಪದ ಜೋಡಿಸುವ ಯಂತ್ರ ಏನಾದರೂ ಇದೆಯಾ ಅಂತ ಕೇಳಿದರು. ಕೊನೆಗೆ ನ್ಯೂಯಾರ್ಕಿನಲ್ಲಿ ಐಬಿಎಂ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ ಎದುರು ಕೂರುವಷ್ಟು ದೂರ ಬಂದರು. ಮುಂದಿನದ್ದು ಬೂಸಾ ತಾವೇ ಹೇಳಿಕೊಂಡು ಬಂದ ಕತೆ. ವಾಟ್ಸನ್ ಮೇಜಿನ ಮೇಲೆ ಆಗಲೇ ಕಂಪನಿಯವರ ವರದಿ ಇತ್ತು: ಈ ಪಾದ್ರಿ ಕೇಳುವುದು ನಮ್ಮ ಯಂತ್ರಗಳಿಂದ ಆಗುವುದಿಲ್ಲ. ಹೊರಗೆ ಕಾಯುವಾಗ ಬೂಸಾ ಕಣ್ಣಿಗೆ ಕಂಪನಿಯದೇ ಒಂದು ಭಿತ್ತಿಪತ್ರ ಬಿದ್ದಿತ್ತು. ಕಷ್ಟದ್ದನ್ನು ಈಗಲೇ ಮಾಡುತ್ತೇವೆ, ಆಗದ್ದಕ್ಕೆ ಸ್ವಲ್ಪ ಹೊತ್ತು ಬೇಕು ಅನ್ನುವ ಅರ್ಥದ್ದು. ಅದನ್ನೇ ಎತ್ತಿಕೊಂಡು ಒಳಗೆ ಹೋಗಿ ವಾಟ್ಸನ್ ಮುಂದಿಟ್ಟರು. ವಾಟ್ಸನ್ ಒಪ್ಪಿದರು. ಒಂದೇ ಷರತ್ತು: ಐಬಿಎಂ ಹೆಸರನ್ನು ‘ಇಂಟರ್‌ನ್ಯಾಷನಲ್ ಬೂಸಾ ಮಷೀನ್ಸ್’ ಅಂತ ಮಾತ್ರ ಮಾಡಬೇಡಿ.

ಕತೆ ಚೆನ್ನಾಗಿದೆ. ಹೇಳುತ್ತಾ ಹೇಳುತ್ತಾ ಇನ್ನೂ ಚೆನ್ನಾಗಿರಬಹುದು ಅನ್ನುವ ಗುಮಾನಿ ನನಗಿದೆ. ಕಂಪನಿಗೂ ಇದರಲ್ಲಿ ಲಾಭವಿತ್ತು. ಲೆಕ್ಕ ಬರೆಯುವ ಯಂತ್ರದಿಂದ ಸಂತರ ಬರಹ ಓದಿಸುತ್ತಾರಂತೆ ಅನ್ನುವುದಕ್ಕಿಂತ ಒಳ್ಳೆಯ ಜಾಹೀರಾತು ಯಾವುದಿದೆ? ಅದೇನೇ ಇರಲಿ, ಪಾಲ್ ಟಾಸ್ಮನ್ ಅನ್ನುವ ಎಂಜಿನಿಯರ್ ಬೂಸಾ ಜೊತೆಗೆ ನಿಂತರು. 1951ರಲ್ಲೇ ಅಕ್ವೈನಾಸ್‌ನ ಕೆಲವು ಸ್ತೋತ್ರಗಳ ಪದಸೂಚಿ ಯಂತ್ರದಿಂದ ಹೊರಬಂತು. ಸಣ್ಣ ಪುಸ್ತಕ, ಬರೀ ಮಾದರಿಗೆ.

ಇಲ್ಲಿ ‘ಕಂಪ್ಯೂಟರ್’ ಅಂದ ತಕ್ಷಣ ಈಗಿನದ್ದನ್ನು ನೆನೆಯಬೇಡಿ. ಆಗ ಇದ್ದದ್ದು ಪಂಚ್ ಕಾರ್ಡ್ ಯಂತ್ರಗಳು. ವಿಮಾ ಕಂಪನಿಗಳು, ರೈಲ್ವೆ, ಜನಗಣತಿಯವರು ಬಳಸುತ್ತಿದ್ದಂಥವು. ದಪ್ಪ ಕಾಗದದ ಒಂದು ಕಾರ್ಡು, ಅದರಲ್ಲಿ 80 ಕಂಬ, ಕಂಬಕ್ಕೊಂದು ಅಕ್ಷರ. ಒಂದು ಅಕ್ಷರಕ್ಕೆ ಎರಡು ತೂತು. ‘ಐ’ ಅಕ್ಷರಕ್ಕೆ ಮೇಲಿನ ಸಾಲಿನಲ್ಲೊಂದು, ಕೆಳಗೆ 9ರ ಜಾಗದಲ್ಲೊಂದು. ‘ಎನ್’ ಅಕ್ಷರಕ್ಕೆ ಎರಡನೇ ಸಾಲಿನಲ್ಲೊಂದು, 5ರ ಜಾಗದಲ್ಲೊಂದು. ಬೂಸಾ ಅಷ್ಟು ವರ್ಷ ತಲೆ ಕೆಡಿಸಿಕೊಂಡ ‘ಇನ್’ ಯಂತ್ರದ ಪಾಲಿಗೆ ನಾಲ್ಕು ತೂತು.

ಕಾರ್ಡುಗಳನ್ನು ಅಕಾರಾದಿಯಾಗಿ ಜೋಡಿಸುವ ಬಗೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಸಾರ್ಟರ್ ಯಂತ್ರ ಒಂದು ಸಲಕ್ಕೆ ಒಂದೇ ಕಂಬ ನೋಡುತ್ತದೆ. ಅಕ್ಷರಕ್ಕೆ ಎರಡು ತೂತು ಇರುವುದರಿಂದ ಒಂದು ಕಂಬಕ್ಕೆ ಎರಡು ಸುತ್ತು. ಅದೂ ಪದದ ಕೊನೆಯ ಅಕ್ಷರದಿಂದ ಶುರು ಮಾಡಿ ಮೊದಲ ಅಕ್ಷರಕ್ಕೆ ಬರಬೇಕು, ನಾವು ನಿಘಂಟು ನೋಡುವುದಕ್ಕೆ ಪೂರ್ತಿ ಉಲ್ಟಾ. ಆ ಕಾಲದ ಐಬಿಎಂ 82 ಸಾರ್ಟರ್ ನಿಮಿಷಕ್ಕೆ 650 ಕಾರ್ಡು ನುಂಗುತ್ತಿತ್ತು. ಒಂದು ಲಕ್ಷ ಕಾರ್ಡಿನ ಕಂತೆ ಒಂದು ಸುತ್ತು ಬರಲು ಎರಡೂವರೆ ಗಂಟೆ. ಹತ್ತು ಅಕ್ಷರದವರೆಗೆ ಜೋಡಿಸಬೇಕಾದರೆ ಇಪ್ಪತ್ತು ಸುತ್ತು, ಅಂದರೆ ಐವತ್ತು ಗಂಟೆ. ನಡುವೆ ಯಾರದೋ ಕೈ ಜಾರಿ ಒಂದು ಕಂತೆ ನೆಲಕ್ಕೆ ಬಿದ್ದರೆ ಅದರ ಅಲ್ಲಿಯವರೆಗಿನ ಸುತ್ತುಗಳೆಲ್ಲ ಮತ್ತೆ ಮೊದಲಿಂದ. ನಾನು ಇವತ್ತು ಇದೇ ಕೆಲಸವನ್ನು ಒಂದು ಸಾಲಿನ ಪ್ರೋಗ್ರಾಂನಲ್ಲಿ ಮಾಡುತ್ತೇನೆ, ಟೀ ಆರುವುದರೊಳಗೆ ಮುಗಿದಿರುತ್ತದೆ. ಆದರೆ ಬೂಸಾ ಅವರನ್ನು ಮೂವತ್ತು ವರ್ಷ ಹಿಡಿದಿಟ್ಟದ್ದು ಈ ಜೋಡಿಸುವ ಕೆಲಸವಲ್ಲ.

ಪದ ಅಂದರೆ ಯಾವುದು

ಈ ಪ್ರಕರಣದ ತಿರುಳು ಇರುವುದೇ ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನ.

ಯಂತ್ರಕ್ಕೆ ಪದ ಅಂದರೆ ಎರಡು ಖಾಲಿ ಜಾಗದ ನಡುವೆ ಇರುವ ಅಕ್ಷರಗಳು, ಅಷ್ಟೇ. ಲ್ಯಾಟಿನ್‌ನಲ್ಲಿ ‘ಮತ್ತು’ ಅನ್ನಲು ಪದದ ಬಾಲಕ್ಕೆ ‘ಕ್ವೆ’ ಅಂಟಿಸುವುದುಂಟು. ‘ಪೋಪುಲುಸ್’ ಅಂದರೆ ಜನ, ‘ಪೋಪುಲುಸ್‌ಕ್ವೆ’ ಅಂದರೆ ಜನವೂ. ನಾವು ‘ಊ’ ಅಂಟಿಸುವ ಹಾಗೆ. ಯಂತ್ರಕ್ಕೆ ಇವು ಎರಡು ಬೇರೆ ಬೇರೆ ಪದ. ಸರಿ, ಬಾಲ ಕತ್ತರಿಸು ಅಂತ ಹೇಳೋಣ. ಆಗ ‘ಉಸ್ಕ್ವೆ’ (ತನಕ) ಅನ್ನುವ ಪದದ ಬಾಲವೂ ತುಂಡಾಗುತ್ತದೆ. ಅದು ಹುಟ್ಟಿನಿಂದಲೇ ಹಾಗಿರುವ ಪದ, ಅದಕ್ಕೆ ಯಾರೂ ಏನೂ ಅಂಟಿಸಿಲ್ಲ.

ಇನ್ನೊಂದು ಕಾಟ: ‘ಲಿಬೆರ್’. ಅದಕ್ಕೆ ಪುಸ್ತಕ ಅನ್ನುವ ಅರ್ಥವೂ ಇದೆ, ಸ್ವತಂತ್ರ ಅನ್ನುವ ಅರ್ಥವೂ ಇದೆ. ಕಾಗದದ ಮೇಲೆ ಎರಡೂ ಒಂದೇ. ನಮ್ಮ ‘ಅರಸು’ ಇಲ್ಲವೇ? ರಾಜನೂ ಹೌದು, ಹುಡುಕು ಅಂತಲೂ ಹೌದು. ಓದುವವನಿಗೆ ಗೊಂದಲವೇ ಆಗುವುದಿಲ್ಲ. ಎಣಿಸುವವನು ಮಾತ್ರ ಒಂದೊಂದು ಕಡೆಯೂ ನಿಂತು ಇದು ಯಾವ ಗುಂಪಿಗೆ ಅಂತ ತೀರ್ಮಾನಿಸಬೇಕು.

ಅಕ್ವೈನಾಸ್ ಬರೆಯುವ ಕ್ರಮದಿಂದ ಇನ್ನೊಂದು ತೊಂದರೆ. ಅವರು ಮೊದಲು ಎದುರಾಳಿಯ ವಾದವನ್ನು ಪೂರ್ತಿ ಇಡುತ್ತಾರೆ, ಅದೂ ಎದುರಾಳಿಗಿಂತ ಚೆನ್ನಾಗಿ. ಆಮೇಲೆ ಶಾಸ್ತ್ರದ ಮಾತು ತರುತ್ತಾರೆ. ಕೊನೆಗೆ ತಮ್ಮ ಉತ್ತರ. ನಡುನಡುವೆ ಬೈಬಲ್, ಅರಿಸ್ಟಾಟಲ್, ಅಗಸ್ಟೀನ್. ಈಗ ಹೇಳಿ, ‘ಅಕ್ವೈನಾಸ್ ಬಳಸಿದ ಪದ’ ಅಂದರೆ ಇದರಲ್ಲಿ ಯಾವುದು? ಪಟ್ಟಿ ಮಾಡುವ ಮೊದಲೇ ಪಠ್ಯದ ಮೇಲೆ ಗುರುತು ಹಾಕುತ್ತಾ ಹೋಗಬೇಕಾಯಿತು: ಇದು ಅವರದೇ ಮಾತು, ಇದು ಅಕ್ಷರಶಃ ಬೇರೆಯವರದು, ಇದು ಬೇರೆಯವರ ಮಾತಿನ ಭಾವಾನುವಾದ. ಯಂತ್ರ ಈ ವಿಷಯದಲ್ಲಿ ಕಾಸಿನ ಉಪಕಾರ ಮಾಡಲಿಲ್ಲ. ಲ್ಯಾಟಿನ್ ಬಲ್ಲ ವಿದ್ವಾಂಸರು ಪೆನ್ಸಿಲ್ ಹಿಡಿದು ಕೂತರು.

ಒಟ್ಟಿನಲ್ಲಿ ಯಂತ್ರ ಓಡಿದ ಗಂಟೆಗಳಿಗಿಂತ ಮನುಷ್ಯರು ಕೂತ ಗಂಟೆಗಳೇ ಎಷ್ಟೋ ಪಾಲು ಜಾಸ್ತಿಯಾದವು. ಕಂಪ್ಯೂಟರ್ ಬಂದರೆ ವಿದ್ವಾಂಸರ ಕೆಲಸ ಹಗುರವಾಗುತ್ತದೆ ಅಂತ ಆಗಲೂ ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ. ಇಲ್ಲಿ ಆದದ್ದು ಬೇರೆ. ಕೆಲಸ ಪುಸ್ತಕದ ಕೊನೆಯಿಂದ ಪುಸ್ತಕದ ಮೊದಲಿಗೆ ಜರುಗಿತು. ಓದಿದ ಮೇಲೆ ಯೋಚಿಸಬಹುದಾಗಿದ್ದನ್ನೆಲ್ಲ ಯಂತ್ರಕ್ಕೆ ಕೊಡುವ ಮೊದಲೇ ಯೋಚಿಸಿ ಮುಗಿಸಬೇಕಾಯಿತು. ‘ಸಂದರ್ಭ ನೋಡಿಕೊಂಡರೆ ತಿಳಿಯುತ್ತೆ’ ಅನ್ನುವ ಮಾತಿಗೆ ಜಾಗವೇ ಇಲ್ಲ. ಇದು ಶಿಕ್ಷೆ ಅಂತ ಕೆಲವರಿಗೆ ಅನ್ನಿಸಬಹುದು. ನನ್ನ ಕಣ್ಣಿಗೆ ಈ ಪ್ರಕರಣದಲ್ಲಿ ಸಾಹಿತ್ಯಕ್ಕೆ ಸಿಕ್ಕ ನಿಜವಾದ ಲಾಭವೇ ಇದು. ತಾನು ಏನನ್ನು ಪದ ಅನ್ನುತ್ತೇನೆ ಅಂತ ಬಾಯಿಬಿಟ್ಟು ಹೇಳಬೇಕಾಗಿ ಬಂದ ಮೊದಲ ಭಾಷಾ ಪಂಡಿತರಲ್ಲಿ ಬೂಸಾ ಒಬ್ಬರು.

ಕಾರ್ಡು ಒತ್ತಿದ ಕೈಗಳು

ಮಿಲಾನ್ ಹತ್ತಿರ ಗಲ್ಲರಾತೆ ಅನ್ನುವ ಊರು. ಜವಳಿ ಗಿರಣಿಗಳ ಊರು. ಬೂಸಾ ಕೇಂದ್ರ ಇದ್ದದ್ದು ಅಲ್ಲಿ, ಮುಂದೆ ಒಂದು ಹಳೆಯ ಗಿರಣಿ ಕಟ್ಟಡದಲ್ಲೇ ಸಾಲಾಗಿ ಯಂತ್ರಗಳು ಕೂತವು. 1950ರ ದಶಕದ ನಡುವಿನಿಂದ 1967ರವರೆಗೆ ಅಲ್ಲಿ ಪಂಚಿಂಗ್ ತರಬೇತಿಯ ಶಾಲೆಯೂ ನಡೆಯಿತು. ಸೇರುವವರಿಗೆ ಅದು ಮೊದಲ ಕೆಲಸವಾಗಿರಬೇಕು ಅನ್ನುವುದು ಷರತ್ತು. ಒಂದು ತಿಂಗಳ ಪರೀಕ್ಷೆ, ಐದು ಜನರಲ್ಲಿ ಒಬ್ಬರಿಗೆ ಪ್ರವೇಶ. ಆಮೇಲೆ ನಾಲ್ಕು ಸೆಮಿಸ್ಟರ್, ದಿನಕ್ಕೆ ಎಂಟು ಗಂಟೆ. ಕೋರ್ಸ್ ಮುಗಿಯುವ ಮೊದಲೇ ಕಾರ್ಖಾನೆಗಳು ಕರೆದುಕೊಂಡು ಹೋಗುತ್ತಿದ್ದವು.

ಬಂದವರಲ್ಲಿ ಬಹುಪಾಲು ಹುಡುಗಿಯರು. ಬೂಸಾ ಬೇಕೆಂದೇ ಹಾಗೆ ಆರಿಸಿದ್ದು. ಹುಡುಗರಿಗಿಂತ ಜಾಗರೂಕತೆಯಿಂದ ಮಾಡುತ್ತಾರೆ ಅನ್ನುವುದು ಅವರ ಲೆಕ್ಕ. ಇನ್ನೊಂದು ಲೆಕ್ಕ ಇನ್ನೂ ಮಜವಾಗಿದೆ: ಲ್ಯಾಟಿನ್ ಬಾರದವರೇ ಬೇಕು. ಲ್ಯಾಟಿನ್ ಬಲ್ಲವರು ಅರ್ಥ ಗೊತ್ತಲ್ಲ ಅನ್ನುವ ಧೈರ್ಯದಲ್ಲಿ ಸರ್ರನೆ ಹೊಡೆದುಬಿಡುತ್ತಾರೆ, ತಪ್ಪು ಜಾಸ್ತಿ. ಬಾರದವರು ಒಂದೊಂದು ಅಕ್ಷರ ನೋಡಿ ಒತ್ತುತ್ತಾರೆ. ಬೆಂಗಳೂರಿನ ಯಾವುದೇ ಡಿಟಿಪಿ ಅಂಗಡಿಯಲ್ಲಿ ಕರಡು ತಿದ್ದಿದವರಿಗೆ ಇದು ಹೊಸ ಮಾತಲ್ಲ. ನಾವು ಬರೆದದ್ದರಲ್ಲಿ ನಮಗೆ ಕಾಣದ ತಪ್ಪು, ವಿಷಯವೇ ಗೊತ್ತಿಲ್ಲದ ಆಪರೇಟರ್‌ಗೆ ಮೊದಲು ಕಾಣುತ್ತದೆ.

ಒಬ್ಬರು ಒತ್ತಿದ್ದನ್ನು ಇನ್ನೊಬ್ಬರು ಮತ್ತೆ ಒತ್ತಿ ತಾಳೆ ನೋಡುವ ಪದ್ಧತಿ ಇತ್ತು. ಲ್ಯಾಟಿನ್ ಮಾತ್ರವಲ್ಲ, ಹೀಬ್ರೂ, ಗ್ರೀಕ್, ಸಿರಿಲಿಕ್ ಲಿಪಿಯ ಪಠ್ಯಗಳನ್ನೂ ಈ ಹುಡುಗಿಯರು ಕಾರ್ಡಿಗೆ ಇಳಿಸಿದರು. ಮೃತ ಸಮುದ್ರದ ಹತ್ತಿರ ಗುಹೆಗಳಲ್ಲಿ ಸಿಕ್ಕ ಹಳೆಯ ಸುರುಳಿಗಳ ಪದಸೂಚಿ ಕೆಲಸವನ್ನೂ ಬೂಸಾ ತಂಡ 1950ರ ದಶಕದ ಕೊನೆಯಲ್ಲಿ ಹಿಡಿದಿತ್ತು.

ಇದೆಲ್ಲದರ ಫೋಟೋಗಳು ಮಿಲಾನಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಯಂತ್ರದ ಮುಂದೆ ಕೂತ ಹುಡುಗಿ, ಪಕ್ಕದಲ್ಲಿ ಬಗ್ಗಿ ನೋಡುತ್ತಿರುವ ಗಣ್ಯರು, ಕರಿ ನಿಲುವಂಗಿಯ ಬೂಸಾ. ಗಣ್ಯರ ಹೆಸರು ಗೊತ್ತು, ಬೂಸಾ ಹೆಸರು ಗೊತ್ತು. ಹುಡುಗಿಯ ಹೆಸರು ಇಲ್ಲ. ಮೆಲಿಸ್ಸಾ ಟೆರಾಸ್ ಅನ್ನುವ ಸಂಶೋಧಕಿ 2013ರಲ್ಲಿ ಇದನ್ನು ಎತ್ತಿ ಆಡಿದರು. ಮರುವರ್ಷ ಅವರು, ಜೂಲಿಯಾನ್ ನೈಹನ್ ಮತ್ತು ಬೂಸಾ ಅವರ ಶಿಷ್ಯ ಮಾರ್ಕೊ ಪಸ್ಸರೊತ್ತಿ ಸೇರಿ ಆಗಿನ ಆಪರೇಟರ್‌ಗಳಲ್ಲಿ ಕೆಲವರನ್ನು ಪತ್ತೆ ಹಚ್ಚಿ ಮಾತಾಡಿಸಿದರು. ಅಜ್ಜಿಯರಾಗಿದ್ದರು. ಫೋಟೋ ನೋಡಿ ಗೆಳತಿಯರ ಹೆಸರು ಹೇಳಿದರು. ಅರವತ್ತು ವರ್ಷದ ಮೇಲೆ ಒಂದೊಂದಾಗಿ ಹೆಸರು ಕೂಡಿಕೊಂಡವು.

‘ಮೊದಲಿಗರು’ ಅನ್ನುವ ಬಿರುದಿಗೂ ಇಂಥದ್ದೇ ಒಂದು ಪಾಠಾಂತರ ಇದೆ. ಬೂಸಾ ಗಲ್ಲರಾತೆಯಲ್ಲಿ ಕೂತ ಕಾಲದಲ್ಲೇ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಜೋಸೆಫೀನ್ ಮೈಲ್ಸ್ ಅನ್ನುವ ಕವಯಿತ್ರಿ, ಪ್ರೊಫೆಸರ್, ಇದೇ ಬಗೆಯ ಯಂತ್ರಗಳಿಂದ ಇಂಗ್ಲಿಷ್ ಕವಿ ಡ್ರೈಡನ್ ಕಾವ್ಯದ ಪದಸೂಚಿ ಮುಗಿಸಿದರು. ಸಹೋದ್ಯೋಗಿಯೊಬ್ಬರು ತೀರಿಕೊಂಡಾಗ ಶೂ ಡಬ್ಬಗಳಲ್ಲಿ ಬಿಟ್ಟುಹೋಗಿದ್ದ ಕಾರ್ಡುಗಳನ್ನು ಎತ್ತಿಕೊಂಡು ಮಾಡಿದ ಕೆಲಸ ಅದು. ಪುಸ್ತಕ 1957ರಲ್ಲಿ ಬಂತು. ಬೂಸಾ ಅವರ ಪೂರ್ತಿ ಪದಸೂಚಿಗೆ ಆಗ ಇನ್ನೂ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬಾಕಿ ಇತ್ತು. ಆದರೂ ವಂಶವೃಕ್ಷದ ಬುಡದಲ್ಲಿ ಬರೆಯುವುದು ಬೂಸಾ ಹೆಸರನ್ನೇ. ವಾಟ್ಸನ್ ಕತೆಯಂಥದ್ದು ಮೈಲ್ಸ್ ಬಳಿ ಇರಲಿಲ್ಲವಲ್ಲ.

ಕಾರ್ಡಿನಿಂದ ಟೇಪು, ಟೇಪಿನಿಂದ ಪುಸ್ತಕ

ಮೊದಲ ಯೋಜನೆಯ ಪ್ರಕಾರ ಪದಕ್ಕೊಂದರಂತೆ ಒಂದು ಕೋಟಿ ಮೂವತ್ತು ಲಕ್ಷ ಕಾರ್ಡು ಆಗಬೇಕಿತ್ತು. ಜೋಡಿಸಿಟ್ಟರೆ 90 ಮೀಟರ್ ಉದ್ದ, ತೂಕ 500 ಟನ್ ಅಂತ ಬೂಸಾ ಲೆಕ್ಕ ಹಾಕಿದ್ದರು. ಅಷ್ಟರಲ್ಲಿ, 1955ರ ಆಸುಪಾಸಿನಲ್ಲಿ, ಮ್ಯಾಗ್ನೆಟಿಕ್ ಟೇಪು ಬಂತು. ದೇವರ ದಯೆ ಅಂತ ಅವರೇ ಹೇಳಿಕೊಂಡಿದ್ದಾರೆ. ಆಮೇಲಿನ ಕೆಲಸ 1,800 ಟೇಪುಗಳ ಮೇಲೆ ನಡೆಯಿತು. ಎಲ್ಲಾ ಬಿಚ್ಚಿ ಹಾಸಿದರೆ 1,500 ಕಿಲೋಮೀಟರ್. ಅವು ಸೋಸಿ ಸೋಸಿ 20 ಟೇಪಾದವು. 1980ರ ಹೊತ್ತಿಗೆ ‘ಇಂಡೆಕ್ಸ್ ತೊಮಿಸ್ತಿಕುಸ್’ ಅನ್ನುವ ಹೆಸರಿನ ಈ ಪದಸೂಚಿ 56 ದಪ್ಪ ಸಂಪುಟಗಳಾಗಿ, 65,000 ಪುಟಗಳಷ್ಟು ಹೊರಬಂದಿತ್ತು. ಅಕ್ವೈನಾಸ್ ಬರೆದ 118 ಕೃತಿ, ಜೊತೆಗೆ ಬೇರೆಯವರ 61.

ಇಷ್ಟು ಕಷ್ಟಪಟ್ಟು ಕಾಗದಕ್ಕೆ ಇಳಿಸಿದ್ದು ಯಾವಾಗ ನೋಡಿ. ಇನ್ನು ಕೆಲವೇ ವರ್ಷದಲ್ಲಿ ಮೇಜಿನ ಮೇಲಿಡುವ ಕಂಪ್ಯೂಟರ್ ಎಲ್ಲ ಕಡೆ ಬರುವುದರಲ್ಲಿತ್ತು. ಆ 56 ಸಂಪುಟಗಳನ್ನು ಇವತ್ತು ಶೆಲ್ಫಿನಿಂದ ಇಳಿಸುವವರು ಕಡಿಮೆ ಅಂತ ನನ್ನ ಅಂದಾಜು. ಹಾಗಾದರೆ ಸೋತರಾ? ಇಲ್ಲ. ಪುಸ್ತಕ ಮುದ್ರಿಸಲು ಅಂತ ಮಾಡಿಟ್ಟ ಟೇಪು ಇತ್ತಲ್ಲ, ಅದು ಉಳಿಯಿತು. ಗುರುತು ಹಾಕಿದ, ಬಾಲ ಬಿಡಿಸಿದ, ಯಾರ ಮಾತು ಅಂತ ಹೇಳುವ ಆ ಪಠ್ಯ 1990ರ ದಶಕದಲ್ಲಿ ಒಂದೇ ಸಿಡಿಗೆ ಬಂತು, 2005ರಲ್ಲಿ ಇಂಟರ್‌ನೆಟ್ಟಿಗೆ ಬಂತು. ಪಸ್ಸರೊತ್ತಿ ತಂಡ ಮಿಲಾನಿನಲ್ಲಿ ಅದೇ ಪಠ್ಯದ ಮೇಲೆ ಕೂತು ಪ್ರತಿ ವಾಕ್ಯದ ಕರ್ತೃ, ಕರ್ಮ, ಕ್ರಿಯಾಪದ ಬಿಡಿಸಿ ಹೆಣೆಯುತ್ತಿದೆ. ಯಂತ್ರ ನಾಲ್ಕು ಸಲ ಬದಲಾಯಿತು, ಪೆನ್ಸಿಲ್ ಗುರುತು ಬದಲಾಗಲಿಲ್ಲ.

ನಮ್ಮಲ್ಲಿ ಇದು ಎಷ್ಟೋ ಸಲ ಉಲ್ಟಾ ಆಗಿದೆ. ತೊಂಬತ್ತರ ದಶಕದಲ್ಲಿ ಒಂದೊಂದು ಸಾಫ್ಟ್‌ವೇರಿನ ಒಂದೊಂದು ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಈಗ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪುಸ್ತಕ ಉಳಿದಿದೆ, ಫೈಲು ಸತ್ತಿದೆ.

ಬೂಸಾ 2011ರಲ್ಲಿ, 97ನೇ ವಯಸ್ಸಿನಲ್ಲಿ, ಗಲ್ಲರಾತೆಯಲ್ಲೇ ತೀರಿಕೊಂಡರು. ಈ ಕ್ಷೇತ್ರದ ದೊಡ್ಡ ಪ್ರಶಸ್ತಿ ಅವರ ಹೆಸರಿನಲ್ಲಿದೆ, 1998ರಲ್ಲಿ ಅದನ್ನು ಮೊದಲು ತೆಗೆದುಕೊಂಡವರೂ ಅವರೇ. ಅವರು ಹುಟ್ಟಿದ 1913ರಲ್ಲೇ, ಮೂರು ತಿಂಗಳು ಮುಂಚೆ, ನಮ್ಮ ನಿಘಂಟುತಜ್ಞ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದು. ಅವರು ದುಡಿದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಕೂಡ ಚೀಟಿಗಳ ರಾಶಿಯಿಂದ ಬೆಳೆದದ್ದು. ಶಾಸನ, ಕಾವ್ಯ ಓದಿ, ಪದ ಎತ್ತಿ, ಬಂದ ಜಾಗದ ಸಮೇತ ಚೀಟಿಗೆ ಬರೆದು, ಅಕಾರಾದಿ ಜೋಡಿಸಿ, ಎಂಟು ಸಂಪುಟ ಮುಗಿಯಲು ದಶಕಗಳು ಹಿಡಿದವು. ಒಬ್ಬರ ಹತ್ತಿರ ಐಬಿಎಂ ಇತ್ತು, ಇನ್ನೊಬ್ಬರ ಹತ್ತಿರ ಇರಲಿಲ್ಲ. ಪದ ಯಾವುದು, ಅರ್ಥ ಎಷ್ಟು, ಇದು ಆ ಪದದ ರೂಪವೋ ಬೇರೆ ಪದವೋ ಅನ್ನುವ ತಕರಾರು ಮಾತ್ರ ಇಬ್ಬರ ಮೇಜಿನ ಮೇಲೂ ಒಂದೇ.

ಹತ್ತು ನಿಮಿಷದ ಕೆಲಸ

ಈಗ ಆ ಭಾನುವಾರಕ್ಕೆ ಬರೋಣ. ಅಕ್ಕನ ವಚನಗಳ ಯೂನಿಕೋಡ್ ಪಠ್ಯ ಇಟ್ಟುಕೊಂಡು ‘ಒಳಗೆ’ ಅಂತ ಹುಡುಕಿದೆ. ಬೆರಳೆಣಿಕೆ. ತಂಗಿ ನಕ್ಕಳು. “ಅಷ್ಟೇನಾ? ಸುಮ್ನೆ ಪುಸ್ತಕ ತಿರುವಿದ್ರೂ ಇದಕ್ಕಿಂತ ಜಾಸ್ತಿ ಕಾಣುತ್ತಲ್ಲ ಅಣ್ಣಾ!”

ಕಾರಣ ಆಮೇಲೆ ಹೊಳೆಯಿತು. ‘ಒಳಗೆ’ ಒಂಟಿಯಾಗಿ ಬರುವುದೇ ಅಪರೂಪ. ‘ಮನದೊಳಗೆ’ ಆದಾಗ ಅದರ ‘ಒ’ ಕಳೆದುಹೋಗಿ ದಕಾರದ ಒತ್ವವಾಗುತ್ತದೆ. ಕಂಪ್ಯೂಟರಿಗೆ ‘ಒ’ ಬೇರೆ, ಆ ಒತ್ವ ಬೇರೆ. ಸರಿ, ‘ಳಗೆ’ ಅಂತ ಹುಡುಕಿದೆ. ಒಳಗೆ ಬಂದವುಗಳ ಜೊತೆ ‘ಕೆಳಗೆ’ ಎಲ್ಲಾ ಬಂದು ಕೂತವು. ಅಷ್ಟಾದರೂ ‘ಸಂತೆಯೊಳಗೊಂದು ಮನೆಯ ಮಾಡಿ’ ಬರಲಿಲ್ಲ. ನಾಡಿಗೆಲ್ಲ ಬಾಯಿಪಾಠವಿರುವ ಸಾಲು! ಅಲ್ಲಿ ‘ಒಳಗೆ’ ತಲೆಯನ್ನು ‘ಸಂತೆ’ಗೂ ಬಾಲವನ್ನು ‘ಒಂದು’ಗೂ ಕೊಟ್ಟು ನಡುವೆ ಮಾತ್ರ ಉಳಿದಿದೆ. ಸಂಧಿ ಅಂತ ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಓದಿದ್ದೆ. ಅದು ಹೀಗೆ ಎದುರು ಬಂದು ನಿಲ್ಲುತ್ತದೆ ಅಂತ ಅಂದುಕೊಂಡಿರಲಿಲ್ಲ.

“ಬರೀ ‘ಒಳಗೆ’ ಸಾಲದು ಅಣ್ಣಾ, ‘ಅಲ್ಲಿ’ ಅನ್ನೋ ಪ್ರತ್ಯಯವೂ ಬೇಕು” ಅಂದಳು. ಇದು ಬೂಸಾ ಅವರ ‘ಇನ್’ ಅಲ್ಲದೆ ಇನ್ನೇನು? ‘ಅಲ್ಲಿ’ ಹುಡುಕಿದರೆ ಆ ಜಾಗದಲ್ಲಿ ಅನ್ನುವ ‘ಅಲ್ಲಿ’ ಮಾತ್ರ ಬರುತ್ತದೆ, ಪ್ರತ್ಯಯ ಬರುವುದಿಲ್ಲ. ‘ಲ್ಲಿ’ ಅಂತ ಹುಡುಕಿದೆ. ಪರದೆ ತುಂಬಿ ಹರಿಯಿತು. ಎಲ್ಲಿ, ಇಲ್ಲಿ, ಕಲ್ಲಿನ, ಇವು ಹೋಗಲಿ. ಹೆಚ್ಚುಕಡಿಮೆ ಪ್ರತಿ ವಚನದ ಕೊನೆಯಲ್ಲೂ ಒಂದು ಖಾತ್ರಿ. ಕಣ್ಣು ಉಜ್ಜಿಕೊಂಡು ನೋಡಿದೆ. ಚೆನ್ನಮಲ್ಲಿಕಾರ್ಜುನ. ಅಂಕಿತದ ಹೊಟ್ಟೆಯಲ್ಲೇ ‘ಲ್ಲಿ’ ಇದೆ. ಪ್ರೋಗ್ರಾಂ ಪ್ರಕಾರ ಅಕ್ಕ ಪ್ರತಿ ವಚನದಲ್ಲೂ ದೇವರ ಹೆಸರಿನ ಜಾಗದಲ್ಲಿ ಸಪ್ತಮಿ ವಿಭಕ್ತಿ ಹಾಕಿದ್ದಾಳೆ. ತಂಗಿಗೆ ಹೇಳಿದರೆ ಅವಳು ಎರಡು ನಿಮಿಷ ನಕ್ಕು, ಆಮೇಲೆ ಸುಮ್ಮನಾಗಿ, “ಅದನ್ನೂ ಒಂದು ಅಡಿಟಿಪ್ಪಣಿ ಮಾಡಬಹುದೇನೋ” ಅಂದಳು. ಆರ್ಟ್ಸ್ ಓದುವವರನ್ನು ನಂಬಬಾರದು.

ಕೊನೆಗೆ ಮಾಡಿದ್ದು ಹಳೆಯ ದಾರಿಯೇ. ವಚನ ಸಂಚಯದಂಥ ಜಾಲತಾಣಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕುವ ಹಾಗೆ ಮಾಡಿಟ್ಟಿವೆ, ಅದರಿಂದ ತುಂಬಾ ಉಪಕಾರವಾಯಿತು. ಆದರೆ ಸಂಧಿ ಬಿಡಿಸಿ, ಪ್ರತ್ಯಯ ಗುರುತಿಸುವುದು ಅವಳ ಪಾಲಿಗೇ ಬಂತು. ನಾನು ವಚನಗಳನ್ನು ಸಾಲುಸಾಲಾಗಿ ಒಂದು ಸ್ಪ್ರೆಡ್‌ಶೀಟಿಗೆ ಹಾಕಿಕೊಟ್ಟೆ, ಅನುಮಾನವಿರುವ ಪದಗಳಿಗೆ ಹಳದಿ ಬಣ್ಣ ಬಳಿದೆ. ಅವಳು ದಸರಾ ರಜೆಯಲ್ಲಿ ಕೂತು ಒಂದೊಂದನ್ನೇ ಓದಿದಳು. ಬಿಡಿಸಿದ ರೂಪಕ್ಕೆ ಒಂದು ಕಾಲಮ್. ‘ಏನು, ಯಾವುದರ ಒಳಗೆ’ ಅನ್ನುವುದಕ್ಕೆ ಇನ್ನೊಂದು.

ಒಂದು ವಾರದ ಮೇಲೆ ಮತ್ತೆ ಫೋನ್. ಇನ್ನೊಂದು ಕಾಲಮ್ ಬೇಕಂತೆ. ಕೆಲವು ಕಡೆ ಅಕ್ಕ ಅವನೊಳಗೋ, ಅವನು ಅಕ್ಕನೊಳಗೋ ಅಂತ ವಾಕ್ಯ ಬಿಟ್ಟುಕೊಡುವುದಿಲ್ಲ.

“ಏನು ಹೆಸರಿಡಲಿ?” ಅಂದೆ.

“‘ಎರಡೂ’ ಅಂತ ಇಡು ಅಣ್ಣಾ. ಹಾಗೇ ಅದನ್ನ ಜಾಸ್ತಿ ಅಗಲ ಮಾಡು. ಸುಮಾರು ಬರೆಯೋದಿದೆ.”